ಮುದ್ರೆ ಬಂಗಾರಕ್ಕೆ, ಮಜೂರಿಗಲ್ಲ: ಬೆಳಗಾವಿ, ಖಾನಾಪುರದ ಆಭರಣ ಖರೀದಿ ಕುರಿತು ಒಂದು ಟಿಪ್ಪಣಿ

ಮೇಜಿನ ಮೇಲೆ ಒಂದು ಝುಮಕಿ ಇದೆ. ನಮ್ಮ ಮನೆಯದೇ. ಎರಡು ಮದುವೆ, ಒಂದು ಸೀಮಂತ ಕಂಡಿದೆ, ಅಷ್ಟೇ. ಬುಟ್ಟಿ ಹಿಡಿದಿದ್ದ ಕೊಂಡಿ ಕಿತ್ತುಬಂದಿದೆ. ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆ ಅರ್ಧ ಸುತ್ತಿಗೇ ನಿಂತಿರುವುದು ಕಾಣುತ್ತದೆ. ಬಿಐಎಸ್ ಚಿಹ್ನೆ, 22ಕೆ916 ಎಂಬ ಗುರುತು, ಆರು ಅಕ್ಷರಾಂಕಿಗಳ ಎಚ್‌ಯುಐಡಿ ಮೂರೂ ನಿಚ್ಚಳವಾಗಿವೆ. ಬಂಗಾರ ಸಾಚಾ, ಕೆಲಸ ಕಚ್ಚಾ. "ಹಾಲ್‌ಮಾರ್ಕ್ ಐತಲ್ರೀ, ಮತ್ತೇನ್ ಬೇಕ್ರಿ?" ಎಂದರು ಅಂಗಡಿಯವರು.

ಹಾಲ್‌ಮಾರ್ಕ್ ಹೇಳುವುದು ಶುದ್ಧತೆಯ ಮಾತು ಮಾತ್ರ. 2021ರ ಜೂನ್‌ನಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು; 2023ರ ಏಪ್ರಿಲ್ 1ರಿಂದ ಎಚ್‌ಯುಐಡಿಯೂ ಬೇಕು. ಶುದ್ಧತೆ ಕಡಿಮೆ ಬಂದರೆ ಲೆಕ್ಕ ಸುಲಭ. 2018ರ ಬಿಐಎಸ್ ನಿಯಮಗಳ 49ನೇ ನಿಯಮದ ಪ್ರಕಾರ ಕೊರತೆಯ ಮೌಲ್ಯದ ಎರಡು ಪಟ್ಟು, ಜೊತೆಗೆ ಪರೀಕ್ಷೆಯ ಖರ್ಚು ಗ್ರಾಹಕರಿಗೆ ಸಲ್ಲಬೇಕು. 916 ಎಂದು ಮಾರಿದ 10 ಗ್ರಾಂ ಸರ 833ಕ್ಕೆ ಇಳಿದರೆ ಕೊರತೆ 0.83 ಗ್ರಾಂ ಅಪ್ಪಟ ಬಂಗಾರ. ಕೇಳಬಹುದಾದದ್ದು ಅದರ ಇಮ್ಮಡಿ ಬೆಲೆ. ಆದರೆ ಬೆಸುಗೆ ಬಿಟ್ಟದ್ದಕ್ಕೆ, ತಿರುಪಿನ ಮರೆ ಸವೆದದ್ದಕ್ಕೆ, ಹರಳು ಉದುರಿದ್ದಕ್ಕೆ ಇಂಥ ಸೂತ್ರವಿಲ್ಲ. ನಮ್ಮಲ್ಲಿ ಇನ್ನೂ ಕೆಲವರು "ಕೆಡಿಎಂ ಕೊಡ್ರಿ" ಎಂದು ಕೇಳುವುದುಂಟು. ಕೆಡಿಎಂ ಎಂದರೆ ಕ್ಯಾಡ್ಮಿಯಂ ಬೆಸುಗೆ. ಅದರ ಹೊಗೆ ಪತ್ತಾರರ ಪುಪ್ಪುಸಕ್ಕೆ ವಿಷ. ಹಾಲ್‌ಮಾರ್ಕ್ ಆಭರಣದಲ್ಲಿ ಅದಕ್ಕೆ ಅವಕಾಶವಿಲ್ಲ. ಆ ಹೆಸರೂ ಬೆಸುಗೆಯ ಗಟ್ಟಿತನಕ್ಕೆ ಎಂದೂ ಖಾತರಿಯಾಗಿರಲಿಲ್ಲ.

ಹಾಗಾಗಿ ಕೆಲಸದ ಲೋಪಕ್ಕೆ ಆಧಾರ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ. ಅದರಲ್ಲಿ 'ದೋಷ' ಎಂದರೆ ಶುದ್ಧತೆಯ ಕೊರತೆಯಷ್ಟೇ ಅಲ್ಲ, ಗುಣಮಟ್ಟದ ಕೊರತೆಯೂ ಹೌದು; ಬಾಯಿಬಿಟ್ಟು ಹೇಳದ ಒಪ್ಪಂದವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಕಿವಿಯೋಲೆ ಕಿವಿಯಲ್ಲಿ ನಿಲ್ಲಬೇಕೆಂದು ಯಾರೂ ಬರೆಸಿಕೊಳ್ಳುವುದಿಲ್ಲ. ಬಿಲ್ಲಿನಲ್ಲಿ ಗಡುವು ಬರೆಯದಿದ್ದರೆ, ದೋಷವಿರುವ ಸರಕನ್ನು 30 ದಿನದೊಳಗೆ ಹಿಂಪಡೆದು ಹಣ ಕೊಡಲು ಒಲ್ಲೆನೆನ್ನುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲನ್ನೇ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ನಿಜವಾದ ಜಗ್ಗಾಟ ಮಜೂರಿಯದು. ಮುರಿದ ಒಡವೆ ಒಯ್ದರೆ ಅಂಗಡಿ ಅದನ್ನು ಹಳೆ ಬಂಗಾರವೆಂದು ತೂಗಿ, ಮಜೂರಿ, ಸವಕಳಿ ಕಳೆದು ಹೊಸದು ತೋರಿಸುತ್ತದೆ. ಕೆಟ್ಟ ಕೆಲಸದ ಕೂಲಿಯನ್ನು ಗ್ರಾಹಕರೇ ಹೊತ್ತಂತಾಯಿತು. ಇದು ವಿನಿಮಯವಲ್ಲ, ದೋಷದ ಪ್ರಶ್ನೆ. ದೋಷ ಸಾಬೀತಾದರೆ, ಗ್ರಾಹಕರು ಕೊಟ್ಟ ಬೆಲೆಯನ್ನೇ ಮರಳಿಸಲು ಜಿಲ್ಲಾ ಗ್ರಾಹಕ ಆಯೋಗ ಹೇಳಬಹುದು; ಆ ಬೆಲೆಯಲ್ಲಿ ಮಜೂರಿಯೂ ಸೇರಿದೆ ಎಂಬುದು ನನ್ನ ವಾದ. ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ ಬೇರೆಯಾಗಿ ಇರಲೇಬೇಕು. ಅರಗು ತುಂಬಿದ ಬೋರಮಾಳದ ಗುಂಡು ಕೊಳ್ಳುವವರಿಗೆ ಆ ಒಂದು ಸಾಲೇ ಮುಖ್ಯ.

ಖಾನಾಪುರ ತಾಲೂಕಿನ ಹಳ್ಳಿಗಳ ಮಾತು ಸ್ವಲ್ಪ ಬೇರೆ. ಮನೆಯ ಹಳೆ ಬಂಗಾರ ಕೊಟ್ಟು ಪತ್ತಾರರಿಂದ ಮಾಡಿಸಿಕೊಂಡಾಗ ಅಲ್ಲಿ ಮಾರಾಟವೇ ಇಲ್ಲ; ಕೂಲಿ ಕೊಟ್ಟು ಪಡೆದ ಸೇವೆ. ದೂರನ್ನು 'ಸೇವಾ ನ್ಯೂನತೆ' ಎಂದೇ ಬರೆಯಬೇಕು. 2 ಗ್ರಾಂಗಿಂತ ಕಡಿಮೆಯ ಮೂಗುಬಟ್ಟಿಗೆ, ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣ ಅಂಗಡಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಗ್ರಾಹಕ ಕಾಯ್ದೆಯಿಂದ ಮಾತ್ರ ವಿನಾಯಿತಿ ಇಲ್ಲ. ಇನ್ನೊಂದು ಸಂಗತಿ ಗಡಿಯದು. ಖಾನಾಪುರದವರು ಬೆಳಗಾವಿಯ ಶಹಾಪುರದ ಸರಾಫರ ಬಳಿ ಕೊಂಡರೆ ಜಿಲ್ಲೆ ಒಂದೇ. ಮಡಗಾವಿಯಲ್ಲೋ ಕೊಲ್ಲಾಪುರದಲ್ಲೋ ಸಾಜ್ ಸರ ಕೊಂಡವರು 1986ರ ಕಾಯ್ದೆಯಡಿ ಸಾಮಾನ್ಯವಾಗಿ ಅಲ್ಲಿಗೇ ಅಲೆಯಬೇಕಿತ್ತು. ಈಗ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಬೆಳಗಾವಿಯಲ್ಲೇ, ದೂರು ಕೊಡಬಹುದು. ಕಾಲಮಿತಿ 2 ವರ್ಷ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.

ಉಳಿದದ್ದು ಸಾಕ್ಷ್ಯ. ಪರೀಕ್ಷಾ ಕೇಂದ್ರದವರು 200 ರೂಪಾಯಿಗೆ ನಾಲ್ಕು ಒಡವೆಗಳ ಶುದ್ಧತೆ ನೋಡಿಕೊಡುತ್ತಾರೆ, ಬೆಸುಗೆ ನೋಡುವುದಿಲ್ಲ. ಅದಕ್ಕೆ ಹತ್ತಿರದಿಂದ ತೆಗೆದ ಚಿತ್ರ, ಬೇರೊಬ್ಬ ಪತ್ತಾರರ ಲಿಖಿತ ಅಭಿಪ್ರಾಯ, ಅಂಗಡಿಗೆ ಒಯ್ದ ದಿನದ ಚೀಟಿ ಬೇಕು. ನಮ್ಮ ಓಣಿಯ ಪತ್ತಾರರು "ಹತ್ತು ನಿಮಿಷದ ಕೆಲಸ, ಕೊಡ್ರಿ" ಎಂದರು. ಕೊಂಡಿ ಕೂಡಿಸಿದರೆ ಅರ್ಧ ಸುತ್ತಿನ ಆ ಬೆಸುಗೆ ಕರಗಿಹೋಗುತ್ತದೆ. ಝುಮಕಿ ಬಿಲ್ಲಿನ ಜೊತೆ ಲಕೋಟೆ ಸೇರಿದೆ.