ಹೆಸರು ಪಡೆದ ಪ್ರಾಣಿಗಳು

ನಾಯಿ ಇಷ್ಟವೋ, ಬೆಕ್ಕು ಇಷ್ಟವೋ ಎಂಬ ಪ್ರಶ್ನೆ ಇಂದಿನ ನಗರದ ಮನೆಗಳದ್ದು ಎಂದು ನಾವು ಭಾವಿಸುತ್ತೇವೆ. ಆದರೆ ಹತ್ತನೆಯ ಶತಮಾನದ ಕನ್ನಡ ಯೋಧನೊಬ್ಬ ತನ್ನ ಮೆಚ್ಚಿನ ಪ್ರಾಣಿ ಯಾವುದೆಂದು ಕಲ್ಲಿನಲ್ಲೇ ಬರೆಸಿಟ್ಟಿದ್ದಾನೆ.

ಅದು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನ, ಕಾಲ ಕ್ರಿ.ಶ. 949-50. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲಂ ಕಾಳಗದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೇರನಿಗೆ ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕಾಳಿ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ.

ವೀರಗಲ್ಲುಗಳನ್ನು ಓದುತ್ತಾ ಹಾನಗಲ್, ಹಿರೇಕೆರೂರು ಸೀಮೆಗೆ ಬಂದಾಗ ನನಗೆ ಕಂಡದ್ದು ಬೇರೆಯೇ ಚಿತ್ರ. ಇಲ್ಲಿಯ ತುರುಗೊಳ್ ಕಲ್ಲುಗಳಲ್ಲಿ ದನಗಳು ಸಾಲಾಗಿ ನಿಂತಿರುತ್ತವೆ. ಅವುಗಳನ್ನು ಉಳಿಸಲು ಹೋಗಿ ಮಡಿದವನು ಮೇಲಿನ ಪಟ್ಟಿಕೆಯಲ್ಲಿ ಶಿವಲೋಕ ಸೇರುತ್ತಾನೆ. ಬರಹವಿದ್ದರೆ ಹೆಸರು ಅವನದು. ದನಗಳು ಸಂಪತ್ತು, ಸಂಪತ್ತಿಗೆ ಹೆಸರು ಬೇಕಿಲ್ಲ.

ಅದೇ ನೆಲದಲ್ಲಿ ಇಂದು ಹೋರಿಗೆ ಹೆಸರಿದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ದೀಪಾವಳಿ ಎಂದರೆ ಕೊಬ್ಬರಿ ಹೋರಿಯ ಸಡಗರ. ಕೊರಳಿಗೆ ಕೊಬ್ಬರಿ ಸರ, ಬೆನ್ನಿಗೆ ಜೂಲ, ಕೊಂಬಿಗೆ ಬಲೂನು. ಅಖಾಡದಲ್ಲಿ ಬಿಟ್ಟ ಹೋರಿಯ ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ದಾಟಿದರೆ ಹೋರಿ ಗೆದ್ದಂತೆ. ಹಬ್ಬಕ್ಕೆಂದೇ ಸಾಕಿದ ಹೋರಿಗೆ ಅಭಿಮಾನಿಗಳಿದ್ದಾರೆ, ಬ್ಯಾನರುಗಳಿವೆ. ಸತ್ತರೆ ಊರೇ ಮೆರವಣಿಗೆ ಮಾಡಿ ಮಣ್ಣು ಕೊಡುತ್ತದೆ.

ಇದೇ ಓಟದಲ್ಲಿ ಹೋರಿ ತಿವಿದು ಜೀವ ಕಳೆದುಕೊಂಡವರೂ ಇದ್ದಾರೆ. ಜಲ್ಲಿಕಟ್ಟು ಕುರಿತ ಸುಪ್ರೀಂ ಕೋರ್ಟಿನ 2014ರ ತೀರ್ಪಿನ ನಂತರ ಇಂಥ ಆಟಗಳ ಬಗ್ಗೆ ಎದ್ದ ಪ್ರಶ್ನೆ ಒಂದೇ: ಇದು ಪ್ರೀತಿಯೋ, ಹಿಂಸೆಯೋ?

ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ನಮ್ಮ ಚರಿತ್ರೆ ಎಂದು ನನಗನಿಸುತ್ತದೆ. ಮಣಲೇರನ ಪ್ರೀತಿ ಸುಳ್ಳಲ್ಲ. ಹೋರಿಗೆ ಮೊದಲು ಮೇವು ಹಾಕಿ ಆಮೇಲೆ ತಾನು ಉಣ್ಣುವ ರೈತನ ಪ್ರೀತಿಯೂ ಸುಳ್ಳಲ್ಲ. ಆದರೆ ಕಾಳಿ ಕಲ್ಲಿಗೇರಿದ್ದು ಕಾದಾಡಿ ಸತ್ತದ್ದಕ್ಕೆ, ಹೋರಿ ಬ್ಯಾನರಿಗೇರುವುದು ಗೆದ್ದದ್ದಕ್ಕೆ. ಕಾಳಿನ ಚೀಲ ಕಾಯುವ ಬೆಕ್ಕಿಗೆ, ವರ್ಷವಿಡೀ ಹಾಲು ಕೊಡುವ ಎಮ್ಮೆಗೆ ನಾನು ನೋಡಿದ ಯಾವ ಕಲ್ಲಿನಲ್ಲೂ ಜಾಗವಿಲ್ಲ. ಸಾಕುಪ್ರಾಣಿಗಳ ಚರಿತ್ರೆ ಬರೆಯುವವರು ಕಲ್ಲಿನ ಜೊತೆಗೆ ಕೊಟ್ಟಿಗೆಯನ್ನೂ ಓದಬೇಕು. ಅಲ್ಲಿ ಗೆಲ್ಲದ, ಸೋಲದ ಪ್ರಾಣಿಗಳನ್ನೂ ಹೆಂಗಸರು ಇಂದಿಗೂ ಹೆಸರು ಹಿಡಿದೇ ಕರೆಯುತ್ತಾರೆ.