ಜಡಶಬ್ದವಿಚಾರ: ಮಿತಾಕ್ಷರೆಯ ದಾಯವಿಭಾಗವೂ ಸ್ವಲೀನರ ಸ್ವವಾಕ್ಯವೂ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಯ ತೋಟಗಳಿಂದ ಪ್ರಸಿದ್ಧವಾದ ಊರು. ಕಳೆದ ವರ್ಷ ಆ ಊರಿನ ಒಕ್ಕಲುತನದ ಮನೆಯೊಂದರಿಂದ ಇಬ್ಬರು ಅಣ್ಣತಮ್ಮಂದಿರು ಕಲಬುರಗಿಯಲ್ಲಿರುವ ಈ ಲೇಖಕನ ಮನೆಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದರು. ಅವರ ತಾಯಿ ಮೊದಲೇ ತೀರಿದ್ದಳು. ತಂದೆಯೂ ತೀರಿಕೊಂಡು ವರ್ಷವಾಗಿತ್ತು. ಪಿತ್ರಾರ್ಜಿತವಾದ ಭೂಮಿ ಪಾಲಾಗಬೇಕಾಗಿತ್ತು. ಮಕ್ಕಳು ಮೂವರು, ಮೂವರೂ ಗಂಡು. ಮೂರನೆಯವನು ಹುಟ್ಟಿದಂದಿನಿಂದ ಮಾತನಾಡಿದವನಲ್ಲ. ಅವನದು ಆಟಿಸಂ ಎಂದು ವೈದ್ಯರು ಬರೆದುಕೊಟ್ಟಿದ್ದರು. "ಅವಗ ಮಾತು ಬರಂಗಿಲ್ರಿ ಪಂಡಿತರ. ಉಣಲಾಕ ಉಡಲಾಕ ಸಾಯೂತನಕ ನಾವು ನೋಡ್ಕೋತೀವಿ. ಹೊಲ ನಮ್ಮಿಬ್ಬರ ಹೆಸರಿಗೇ ಆದ್ರ ಶಾಸ್ತ್ರಕ್ಕ ತಪ್ಪಾಗ್ತದೇನ್ರಿ?" ಎಂದು ಹಿರಿಯನು ಕೇಳಿದನು.

ಅವರು ದುಷ್ಟರಲ್ಲ. ತಮ್ಮನ ಹೆಸರು ಪಹಣಿಯಲ್ಲಿ ಸೇರಿದರೆ ನಾಳೆ ಯಾವನಾದರೂ ಅವನ ಹೆಬ್ಬೆಟ್ಟನ್ನು ಒತ್ತಿಸಿಕೊಂಡು ಹೋದಾನೆಂಬ ಭಯವೂ ಅವರಿಗೆ ಇತ್ತು. ಈ ಲೇಖಕನು ಗ್ರಂಥವನ್ನು ತೆಗೆದು ನೋಡಿ, ಶಾಸ್ತ್ರವು ಹೀಗಿದ್ದಿತು, ಈಗಿನ ಕಾನೂನು ಹೀಗಿದೆ ಎಂದು ತಿಳಿಸಿ ಕಳುಹಿಸಿದನು. ಉತ್ತರದಲ್ಲಿ ತಪ್ಪಿರಲಿಲ್ಲ, ಉತ್ತರ ಕೊಟ್ಟ ಕ್ರಮದಲ್ಲಿ ಒಂದು ದೊಡ್ಡ ಲೋಪವಿದ್ದಿತು. ಅದನ್ನು ಕಡೆಯಲ್ಲಿ ಹೇಳುವೆನು. ಈ ಪ್ರಶ್ನೆಯು ಹೊಸದಲ್ಲವೆಂಬುದನ್ನೂ, ಇದಕ್ಕೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಈ ಪ್ರಾಂತದಲ್ಲಿಯೇ ಒಂದು ನಿರ್ಣಯವು ಬರೆಯಲ್ಪಟ್ಟಿತೆಂಬುದನ್ನೂ ಮೊದಲು ವಿಚಾರಿಸೋಣ.

ಕಮಲಾಪುರದ ಹಾದಿಯನ್ನೇ ಹಿಡಿದು ಮುಂದೆ ನಡೆದರೆ ಹುಮನಾಬಾದು, ಅದರಾಚೆ ಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದ ಆ ಪಟ್ಟಣವನ್ನೂ ಆ ಅರಸನನ್ನೂ ವಿಜ್ಞಾನೇಶ್ವರನು ತನ್ನ ಗ್ರಂಥದ ಕೊನೆಯಲ್ಲಿ ಕೊಂಡಾಡಿದ್ದಾನೆ. ಕಲಬುರಗಿ ಜಿಲ್ಲೆಯ ಮರತೂರಿನವರು ಅವನನ್ನು ತಮ್ಮವನೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರೆಯು ವಂಗದೇಶವನ್ನು ಬಿಟ್ಟು ಭರತಖಂಡದ ಬಹುಭಾಗಕ್ಕೆ ದಾಯವಿಭಾಗದಲ್ಲಿ ಪ್ರಮಾಣವಾಯಿತು. ಪುತ್ರನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆಯು ಸತ್ತಮೇಲೆ ಬರತಕ್ಕದ್ದಲ್ಲ ಎಂಬುದು ಅವನ ಸಿದ್ಧಾಂತಗಳಲ್ಲಿ ಮುಖ್ಯವಾದುದು. ಹೀಗೆ ಜನ್ಮಮಾತ್ರದಿಂದ ಹಕ್ಕನ್ನು ಸ್ಥಾಪಿಸಿದ ಆಚಾರ್ಯನೇ, ಜನ್ಮತಃ ಕೆಲವರಿಗೆ ಆ ಹಕ್ಕು ಇಲ್ಲವೆಂದು ಹೇಳುವ ಸ್ಮೃತಿವಾಕ್ಯಕ್ಕೂ ವ್ಯಾಖ್ಯಾನವನ್ನು ಬರೆಯಬೇಕಾಯಿತು.

ಆ ಸ್ಮೃತಿವಾಕ್ಯದಲ್ಲಿ ಕ್ಲೀಬ, ಪತಿತ, ಪಂಗು, ಉನ್ಮತ್ತ, ಅಂಧ ಮೊದಲಾದವರೊಡನೆ ಜಡನೂ ಸೇರಿದ್ದಾನೆ. ಇವರೆಲ್ಲರೂ ನಿರಂಶಕರು, ಅಂದರೆ ಪಾಲಿಲ್ಲದವರು; ಆದರೆ ಭರ್ತವ್ಯರು, ಅಂದರೆ ಅನ್ನವಸ್ತ್ರಗಳಿಂದ ಸಲಹಲ್ಪಡತಕ್ಕವರು. ಮನುವಿನ ಒಂಬತ್ತನೆಯ ಅಧ್ಯಾಯದಲ್ಲಿಯೂ ಇಂಥದೇ ಪಟ್ಟಿಯಿದೆ. ಅಲ್ಲಿ ಮೂಕನು ಪ್ರತ್ಯೇಕವಾಗಿ ಹೆಸರಿಸಲ್ಪಟ್ಟಿದ್ದಾನೆ. ಕಮಲಾಪುರದ ಅಣ್ಣನು ಮಿತಾಕ್ಷರೆಯನ್ನು ಕಂಡವನಲ್ಲ. ಆದರೂ ಅವನ ಬಾಯಿಂದ ಬಂದುದು ಇದೇ ನಿರ್ಣಯ. ಗ್ರಂಥದಲ್ಲಿದ್ದುದು ಒಂಬತ್ತು ಶತಮಾನಗಳಲ್ಲಿ ಮನೆಮಾತಾಗಿಬಿಟ್ಟಿದೆ.

ವಿಜ್ಞಾನೇಶ್ವರನಿಗೆ ಅನ್ಯಾಯವಾಗಬಾರದು. ಅವನು ಈ ಅನರ್ಹತೆಯನ್ನು ಎಷ್ಟು ಇರುಕಿಸಬಹುದೋ ಅಷ್ಟು ಇರುಕಿಸಿದ್ದಾನೆ. ವಿಭಾಗವಾದ ಮೇಲೆ ದೋಷವು ಬಂದರೆ ಕೊಟ್ಟ ಪಾಲನ್ನು ಕಸಿದುಕೊಳ್ಳಲಾಗದು; ಔಷಧಾದಿಗಳಿಂದ ದೋಷವು ಹೋದರೆ ಪಾಲು ಅವನಿಗೆ ಬರತಕ್ಕದ್ದು; ಅವನ ಮಗನು ನಿರ್ದೋಷಿಯಾಗಿದ್ದರೆ ಆ ಮಗನಿಗೆ ಪಾಲುಂಟು. ಇನ್ನು ಜಡನೆಂದರೆ ಯಾರು? ಅಂತಃಕರಣವು ವಿಕಲವಾದವನು, ತನಗೆ ಹಿತವಾವುದು ಅಹಿತವಾವುದು ಎಂದು ನಿಶ್ಚಯಿಸಲಾರದವನು ಎಂದು ಅವನು ಅರ್ಥವನ್ನು ಹೇಳುತ್ತಾನೆ. ಇಲ್ಲಿ ವಾಚಕರು ಒಂದು ಅಂಶವನ್ನು ಲಕ್ಷ್ಯದಲ್ಲಿಡಬೇಕು. ಈ ಲಕ್ಷಣದಲ್ಲಿ ಮಾತಿನ ಪ್ರಸ್ತಾಪವೇ ಇಲ್ಲ. ಮೂಕನು ಬೇರೆ, ಜಡನು ಬೇರೆ. ವಾಕ್ಕು ಕರ್ಮೇಂದ್ರಿಯಗಳಲ್ಲಿ ಒಂದು, ಕೈಕಾಲುಗಳ ಪಂಕ್ತಿಯದು. ಮನೋಬುದ್ಧಿಗಳು ಅಂತಃಕರಣವೆಂದು ಸಾಂಖ್ಯವನ್ನು ಓದಿದ ಬಾಲವಿದ್ಯಾರ್ಥಿಯೂ ಬಲ್ಲನು. ಕುಂಟನ ಕಾಲನ್ನು ನೋಡಿ ಅವನ ಬುದ್ಧಿಯನ್ನು ಅಳೆಯದ ನಾವು, ಮಾತಿಲ್ಲದವನ ನಾಲಗೆಯನ್ನು ನೋಡಿ ಅಳೆಯುತ್ತೇವೆ. ಆದುದರಿಂದ ಈ ಲೇಖಕನ ಮತದಲ್ಲಿ ದೋಷವಿರುವುದು ಲಕ್ಷಣದಲ್ಲಲ್ಲ, ಪರೀಕ್ಷೆಯಲ್ಲಿ. ಹಿತಾಹಿತಜ್ಞಾನವಿಲ್ಲವೆಂಬುದನ್ನು ಯಾರು, ಯಾವ ಉಪಾಯದಿಂದ, ಯಾರನ್ನು ಕೇಳಿ ನಿಶ್ಚಯಿಸಬೇಕೆಂಬ ವಿಧಿಯು ಈ ಪ್ರಕರಣದಲ್ಲಿ ಇಲ್ಲ. ಪಾಲು ಹೆಚ್ಚಾಗತಕ್ಕ ದಾಯಾದರೇ ಪರೀಕ್ಷಕರಾದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ.

ಭಾಗವತದ ಪಂಚಮಸ್ಕಂಧದಲ್ಲಿ ಇದಕ್ಕೆ ಒಂದು ನಿದರ್ಶನವಿದೆ. ಜಡಭರತನ ತಂದೆಯು ತೀರಿದ ಮೇಲೆ ಅವನ ಅಣ್ಣಂದಿರು ಅವನನ್ನು ಜಡನೆಂದೇ ಬಗೆದು, ಕಂಡಕಂಡ ಅನ್ನವನ್ನಿಕ್ಕಿ ಹೊಲ ಕಾಯುವ ಕೆಲಸಕ್ಕೆ ಹಚ್ಚಿದರು. ರಹೂಗಣ ಮಹಾರಾಜನು ಪಲ್ಲಕ್ಕಿಯಲ್ಲಿ ಕುಳಿತು ಅವನನ್ನು ಹಂಗಿಸಿದಾಗ ಅವನು ಮಾತನಾಡಿದನು; ರಾಜನು ಪಲ್ಲಕ್ಕಿಯಿಂದ ಕೆಳಗಿಳಿದು ಕೇಳಿದನು. ಈ ಕಥೆಯನ್ನು ಹಿಡಿದುಕೊಂಡು, ಮಾತಿಲ್ಲದ ಮಕ್ಕಳೆಲ್ಲರೂ ಪೂರ್ವಜನ್ಮದ ಯೋಗಿಗಳೆಂದು ಪುರಾಣ ಹೇಳುವವರನ್ನು ನಾನು ಬಲ್ಲೆನು. ಅದು ಮತ್ತೊಂದು ಬಗೆಯ ಅನ್ಯಾಯ. ಭರತನು ಜಡನಂತೆ ನಟಿಸಿದನು. ಈ ಮಕ್ಕಳು ನಟಿಸುವವರಲ್ಲ. ಕಥೆಯಲ್ಲಿ ನಮಗೆ ಬೇಕಾದುದು ಪಲ್ಲಕ್ಕಿಯಿಂದ ಇಳಿದ ಸಂಗತಿ ಮಾತ್ರ.

ಇಂಗ್ಲಿಷರ ಕಾಲಕ್ಕೆ ಬರೋಣ. ಕೋಲ್‌ಬ್ರೂಕ್ ಪಂಡಿತನು 1810ರಲ್ಲಿ ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ತಂದಾಗ ಜಡನಿಗೆ 'ಈಡಿಯಟ್' ಎಂಬ ಪ್ರತಿಶಬ್ದವನ್ನು ಇಟ್ಟನು. ಆ ಶಬ್ದವೇ ಕೋರ್ಟುಗಳಿಗೆ ಹೋಯಿತು. 1928ರಲ್ಲಿ ಬ್ರಿಟಿಷ್ ಹಿಂದುಸ್ಥಾನದಲ್ಲಿ ಒಂದು ಶಾಸನವಾಗಿ, ಅಂಧ, ಮೂಕ, ಪಂಗು ಮೊದಲಾದವರಿಗೆ ಪಾಲಿನ ಹಕ್ಕು ದೊರೆಯಿತು. ಆದರೆ ಹುಟ್ಟಿನಿಂದ ಉನ್ಮತ್ತನಾದವನನ್ನೂ ಜಡನಾದವನನ್ನೂ ಆ ಶಾಸನವು ಹೊರಗೇ ನಿಲ್ಲಿಸಿತು. ಪಟ್ಟಿಯಲ್ಲಿದ್ದವರಲ್ಲಿ ಬಹುಮಂದಿ ಒಳಗೆ ಬಂದರೂ ಜಡನು ಬರಲಿಲ್ಲ. ನಮ್ಮ ಕಲಬುರಗಿಯು ಆಗ ನಿಜಾಮರ ರಾಜ್ಯದಲ್ಲಿದ್ದಿತು. ಕಡೆಗೆ 1956ರ ಹಿಂದೂ ಉತ್ತರಾಧಿಕಾರದ ಶಾಸನದ 28ನೆಯ ಕಲಮು, ಯಾವ ರೋಗದಿಂದಾಗಲಿ ನ್ಯೂನತೆಯಿಂದಾಗಲಿ ವಿಕಾರದಿಂದಾಗಲಿ ಯಾರೂ ಉತ್ತರಾಧಿಕಾರಕ್ಕೆ ಅನರ್ಹರಾಗತಕ್ಕದ್ದಲ್ಲವೆಂದು ವಿಧಿಸಿತು. ಜಡನೆಂಬ ದಾಯಾನರ್ಹನ ಕಥೆ ಕಾನೂನಿನಲ್ಲಿ ಅಲ್ಲಿಗೆ ಮುಗಿಯಿತು. ಆ ಕಲಮು ಬುದ್ಧಿಯ ಪರೀಕ್ಷೆಯನ್ನು ಕೇಳುವುದೇ ಇಲ್ಲವೆಂಬುದು ಗಮನಾರ್ಹ. ಮೂಕನಲ್ಲಿ ಬುದ್ಧಿಯಿದೆಯೆಂದು ತೋರಿಸಿ ಹಕ್ಕನ್ನು ಕೇಳುವ ವಾದದಲ್ಲಿ ಒಂದು ಅಪಾಯವಿದೆ: ನಿಜವಾಗಿಯೂ ಬುದ್ಧಿಯ ಬೆಳವಣಿಗೆ ಕುಂಠಿತವಾದವರು ಆಗ ಹೊರಗೆ ಉಳಿಯುವರು. ಹುಟ್ಟಿನಿಂದ ಬಂದ ಹಕ್ಕಿಗೆ ಹುಟ್ಟೇ ಸಾಕು.

ಆಟಿಸಂ ಎಂಬ ಶಬ್ದವು ಇವುಗಳಿಗಿಂತ ಬಹು ಈಚಿನದು. 'ತಾನು' ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು. ಕನ್ನಡದಲ್ಲಿ ಸ್ವಲೀನತೆಯೆಂದು ಬಳಸುತ್ತಾರೆ. ಲಿಯೋ ಕ್ಯಾನರ್ ಎಂಬ ವೈದ್ಯನು 1943ರಲ್ಲಿ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದನು. ಅವರಲ್ಲಿ ಮೂವರು ಮಾತನಾಡಿದವರಲ್ಲ. ಆದರೂ ಆ ಮಕ್ಕಳ ಬುದ್ಧಿಶಕ್ತಿ ಒಳ್ಳೆಯದೆಂದೇ ಅವನು ಬಗೆದನು. ನಮ್ಮ ದೇಶದ 1995ರ ಅಂಗವಿಕಲರ ಶಾಸನದ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಶಾಸನದಲ್ಲಿ ಅದರ ಹೆಸರು ಬಂದಿತು. 2016ರ ಶಾಸನವು ಇಪ್ಪತ್ತೊಂದು ವೈಕಲ್ಯಗಳಲ್ಲಿ ಅದನ್ನು ಒಂದಾಗಿ ಎಣಿಸಿತು.

ಇಷ್ಟರವರೆಗೆ ಹೇಳಿದ ಸ್ಮೃತಿ, ವ್ಯಾಖ್ಯಾನ, ಶಾಸನ, ವೈದ್ಯಪ್ರಬಂಧ ಎಲ್ಲವೂ ಇವರನ್ನು ಕುರಿತು ಇತರರು ಬರೆದವು. ಇವರೇ ಬರೆದದ್ದು ಯಾವಾಗ? ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬಾಕೆ 1986ರಲ್ಲಿ ಆತ್ಮವೃತ್ತಾಂತವನ್ನು ಪ್ರಕಟಿಸಿದಳು. ಜಿಮ್ ಸಿಂಕ್ಲೇರ್ ಎಂಬ ಸ್ವಲೀನವ್ಯಕ್ತಿಯು 1993ರಲ್ಲಿ ತಂದೆತಾಯಿಗಳನ್ನು ಸಂಬೋಧಿಸಿ, ಬದುಕಿರುವ ನಮಗಾಗಿ ಶೋಕಿಸಬೇಡಿರಿ ಎಂಬ ಅಭಿಪ್ರಾಯವನ್ನು ಮುಂದಿಟ್ಟಿತು. ಇವರು ಮಾತುಳ್ಳವರು. ಮಾತಿಲ್ಲದವನ ಗ್ರಂಥಕ್ಕೆ ಉದಾಹರಣೆಯನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. ಅದು ಕನ್ನಡನಾಡಿನಲ್ಲಿಯೇ ಇದೆ.

ತೀತೋ ರಾಜರ್ಷಿ ಮುಖೋಪಾಧ್ಯಾಯನು 1989ರಲ್ಲಿ ಹುಟ್ಟಿದವನು. ಬಂಗಾಳಿ ಮನೆತನದವನಾದರೂ ಬಾಲ್ಯವನ್ನು ಮೈಸೂರು ಬೆಂಗಳೂರುಗಳಲ್ಲಿ ಕಳೆದನು. ತಾಯಿ ಸೋಮಾ ಅವನಿಗೆ ಅಕ್ಷರಗಳನ್ನು ತೋರಿಸಿ, ಪೆನ್ಸಿಲು ಹಿಡಿಯುವುದನ್ನು ಕಲಿಸಿ, ಬರೆಯಹಚ್ಚಿದಳು. ಎಂಟರಿಂದ ಹನ್ನೊಂದು ವರ್ಷದೊಳಗೆ ಅವನು ಬರೆದ ಗದ್ಯಪದ್ಯಗಳು 'ಬಿಯಾಂಡ್ ದಿ ಸೈಲೆನ್ಸ್' ಎಂಬ ಹೆಸರಿನಿಂದ 2000ದಲ್ಲಿ ಇಂಗ್ಲೆಂಡಿನಲ್ಲಿಯೂ, 'ದಿ ಮೈಂಡ್ ಟ್ರೀ' ಎಂಬ ಹೆಸರಿನಿಂದ 2003ರಲ್ಲಿ ಅಮೆರಿಕದಲ್ಲಿಯೂ ಅಚ್ಚಾದವು. ತನ್ನಲ್ಲಿ ಎರಡು 'ತಾನು'ಗಳಿವೆ, ಒಂದು ಚಿಂತಿಸತಕ್ಕದ್ದು, ಇನ್ನೊಂದು ಚೇಷ್ಟಿಸತಕ್ಕದ್ದು, ಎರಡನೆಯದು ಮೊದಲನೆಯದರ ಮಾತನ್ನು ಕೇಳುವುದಿಲ್ಲ ಎಂಬ ಆಶಯವನ್ನು ಆ ಬಾಲಕನು ಪ್ರಕಟಿಸಿದ್ದಾನೆ. ಅಂತಃಕರಣ ಮತ್ತು ಕರ್ಮೇಂದ್ರಿಯಗಳ ಭೇದವನ್ನು ನಾವು ಕಾರಿಕೆಗಳಿಂದ ಕಲಿತೆವು. ಅವನು ಅದನ್ನು ಅನುಭವದಿಂದ ಬರೆದನು.

ಇಲ್ಲಿ ಪೂರ್ವಪಕ್ಷವೊಂದುಂಟು, ಅದನ್ನು ಮುಚ್ಚಿಡುವುದು ವಿದ್ವಜ್ಜನರಿಗೆ ತಕ್ಕುದಲ್ಲ. ಸೋಮಾ ಅವರ ಶಿಕ್ಷಣಕ್ರಮವು ಮುಂದೆ ಅಮೆರಿಕದಲ್ಲಿ ಹರಡಿದಾಗ, ಬರುವ ಮಾತುಗಳು ಮಗುವಿನವೋ ಪಕ್ಕದಲ್ಲಿ ಕುಳಿತು ಪ್ರೇರಿಸುವವರವೋ ಎಂಬ ಸಂಶಯವು ಹುಟ್ಟಿತು. ಅಲ್ಲಿಯ ವಾಗ್ವೈದ್ಯರ ಸಂಘವು ಸಾಕಷ್ಟು ಪ್ರಮಾಣವಿಲ್ಲವೆಂದು 2018ರಲ್ಲಿ ಆ ಕ್ರಮವನ್ನು ಬಳಸಬಾರದೆಂದಿತು. ಈ ಎಚ್ಚರಿಕೆ ಯುಕ್ತವಾದುದು. ಪರರ ಮಾತನ್ನು ಮೂಕನ ತಲೆಗೆ ಕಟ್ಟುವುದು ಅವನ ಪಾಲನ್ನು ಕದಿಯುವುದಕ್ಕಿಂತ ಸಣ್ಣ ಕಳವಲ್ಲ. ಆದರೆ ಸಂಶಯವು ಪರೀಕ್ಷೆಗೆ ಕಾರಣವಾಗಬೇಕೇ ಹೊರತು ತಿರಸ್ಕಾರಕ್ಕಲ್ಲ. ಒಬ್ಬ ಶರಣನ ಅಂಕಿತದಲ್ಲಿ ಪ್ರಕ್ಷಿಪ್ತ ವಚನಗಳು ಸೇರಿರಬಹುದೆಂದು ನಾವು ಆ ಶರಣನೇ ಬರೆಯಲಿಲ್ಲವೆಂದು ಹೇಳುವುದುಂಟೆ? ಒಂದೊಂದನ್ನೂ ತೂಗಿ ನೋಡುತ್ತೇವೆ. ತೀತೋ ಯಾರೂ ಕೈಹಿಡಿಯದೆ ತನ್ನ ಕೈಯಿಂದಲೇ ಬರೆಯುವವನು. ಈ ಭೇದವನ್ನು ಮರೆಯತಕ್ಕದ್ದಲ್ಲ.

ಕಾನೂನೂ ಈ ದಿಕ್ಕಿಗೆ ತಿರುಗಿದೆ. 1999ರ ಶಾಸನದಂತೆ ಜಿಲ್ಲಾಧಿಕಾರಿಯ ಸ್ಥಾನಿಕ ಸಮಿತಿಯು ಪೋಷಕನನ್ನು ನೇಮಿಸಬಹುದು. ಆ ಸಮಿತಿಯಲ್ಲಿ ವಿಕಲಾಂಗರೊಬ್ಬರು ಇರಲೇಬೇಕು. 2016ರ ಶಾಸನವು ಇನ್ನೂ ಮುಂದೆ ಹೋಗಿ, ಪೋಷಕತ್ವವು ಪರಿಮಿತವಾಗಿರಬೇಕು, ಪೋಷಕನೂ ಆ ವ್ಯಕ್ತಿಯೂ ಕೂಡಿ ನಿಶ್ಚಯಿಸಬೇಕು ಎಂದಿತು. ಹೆಬ್ಬೆಟ್ಟಿನ ಭಯಕ್ಕೆ ಪರಿಹಾರವಿರುವುದು ಇಲ್ಲಿ. ಪಹಣಿಯಿಂದ ಹೆಸರನ್ನು ತೆಗೆಯುವುದರಲ್ಲಲ್ಲ.

ಈಗ ನನ್ನ ಲೋಪವನ್ನು ಹೇಳಬೇಕು. ಮೇಲಿನದನ್ನೆಲ್ಲ ಆ ಇಬ್ಬರಿಗೆ ವಿವರಿಸಿದ ನಾನು, ಮೂರನೆಯವನನ್ನು ಕರೆತಂದಿರಾ ಎಂದು ಕೇಳಲಿಲ್ಲ. ಎರಡು ತಿಂಗಳ ಮೇಲೆ ಕಮಲಾಪುರಕ್ಕೆ ಹೋಗುವ ಪ್ರಸಂಗ ಬಂದಾಗ ಅವರ ಮನೆಗೆ ಹೋದೆನು. ತಮ್ಮನು ಕಂಬಕ್ಕೆ ಒರಗಿ, ಬೆರಳುಗಳನ್ನು ಆಡಿಸುತ್ತ, ನನ್ನ ಕಡೆ ನೋಡದೆ ನಿಂತಿದ್ದನು. ನಾನು ಆಗಲೂ ಅವನ ವಿಷಯವನ್ನು ಅಣ್ಣನನ್ನೇ ಕೇಳತೊಡಗಿದೆನು. ಒಳಗಿನಿಂದ ಅವನ ಅತ್ತಿಗೆ, "ಅವನ್ನೇ ಕೇಳ್ರಿ. ಸಾಲಿಗಿ ನಾಕು ವರ್ಷ ಹೋಗ್ಯಾನ, ಅಕ್ಷರ ಬರ್ತಾವ" ಎಂದಳು. ಮಗುವಿನ ಪಾಟಿಯೊಂದನ್ನು ತಂದು ಅವನ ಮುಂದಿಟ್ಟು ದೂರ ಸರಿದಳು. ಭೂಮಿ ಮೂರು ಪಾಲಾಗುತ್ತದೆ, ನಿನಗೆ ಯಾವುದು ಬೇಕು ಎಂದು ನಾನು ಅವನನ್ನು ಕೇಳಿದೆನು. ಬಹಳ ಹೊತ್ತು ಏನೂ ಆಗಲಿಲ್ಲ. ಅವನು ಎದ್ದು ಹೋದನು, ತಿರುಗಿ ಬಂದನು, ಮತ್ತೆ ಎದ್ದನು. ಚಹಾ ಬಂದು ಆರಿತು. ಕಡೆಗೆ ಅವನು ಕುಳಿತು, ಒಂದೊಂದು ಅಕ್ಷರಕ್ಕೂ ನಿಂತು ನಿಂತು, ಪಾಟಿಯ ಮೇಲೆ ಎರಡು ಶಬ್ದಗಳನ್ನು ಬರೆದನು: "ಬಾವಿ ಕಡೆ".

ಅಣ್ಣಂದಿರು ಒಬ್ಬರ ಮುಖವನ್ನೊಬ್ಬರು ನೋಡಿದರು. ಬಾವಿಯ ಕಡೆಯ ತುಂಡೇ ಆ ಹೊಲದಲ್ಲಿ ಉತ್ತಮವಾದುದು; ಕೆಂಪು ಬಾಳೆ ನಿಲ್ಲುವುದು ಅಲ್ಲಿಯೇ. ಹಿರಿಯನು ಅದನ್ನು ತನಗೆಂದು ಇಟ್ಟುಕೊಂಡಿದ್ದನೆಂದು ಆಮೇಲೆ ತಿಳಿಯಿತು. ಪಾಲು ಇನ್ನೂ ಇತ್ಯರ್ಥವಾಗಿಲ್ಲ, ಮೂವರೂ ವ್ಯಾಜ್ಯದಲ್ಲಿದ್ದಾರೆ.