ಉಂಡು ಕಂಡ ಬೆಂಗಳೂರು

ಬೆಂಗಳೂರಿಗೆ ಬಂದ ನೆಂಟರು ಚೀಲ ಇಳಿಸಿ ಕೈಕಾಲು ತೊಳೆಯುವಷ್ಟರಲ್ಲಿ ಕೇಳಿಬಿಡುತ್ತಾರೆ: "ಇಲ್ಲಿ ತಿಂಡಿ ಎಲ್ಲಿ ಚೆನ್ನಾಗಿರುತ್ತೆ? ಎಲ್ಲರೂ ಹೋಗೋ ಕಡೆ ಬೇಡ, ಏನಾದ್ರೂ ಬೇರೆ ಥರದ್ದು ತೋರಿಸಿ." ನಾನು ಹೋಟೆಲಿನ ಹೆಸರು ಹೇಳುವುದಿಲ್ಲ. ಊರಿನ ಯಾವ ಕಡೆ ನೋಡಬೇಕು ಅಂತಿದ್ದೀರಿ ಎಂದು ತಿರುಗಿ ಕೇಳುತ್ತೇನೆ. ಏಕೆಂದರೆ ಈ ಊರಿನಲ್ಲಿ ಬೇರೆ ಥರದ್ದು ಎನ್ನಿಸುವ ಯಾವ ಜಾಗವೂ ಹಾಗೆ ಕಾಣಲೆಂದು ಹುಟ್ಟಿದ್ದಲ್ಲ. ದಂಡು ಬಂತು, ಪ್ಲೇಗು ಬಂತು, ಯುದ್ಧ ಬಂತು, ಓದುವ ಹುಡುಗರು ಬಂದರು. ಬಂದವರಿಗೆ ಹಸಿವಾಯಿತು, ಆ ಹಸಿವಿಗೆ ಯಾರೋ ಒಲೆ ಹಚ್ಚಿದರು. ಹಾಗೆ ಹಚ್ಚಿದ ಒಲೆಗಳಲ್ಲಿ ಕೆಲವು ಇನ್ನೂ ಉರಿಯುತ್ತಿವೆ. ಅವುಗಳ ಜಾಡು ಹಿಡಿದು ನಡೆದರೆ ಊಟವೂ ಸಿಗುತ್ತದೆ, ಊರ ಚರಿತ್ರೆಯೂ ಸಿಗುತ್ತದೆ.

ಹೆಸರಿನಲ್ಲೇ ಕಾಳು

ಊರಿನ ಹೆಸರಿಗೆ ಅಂಟಿಕೊಂಡ ಕತೆಯೇ ಊಟದ್ದು. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಗುಡಿಸಲಿನ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಅದರಿಂದ ಈ ಜಾಗ ಬೆಂದಕಾಳೂರು ಆಯಿತಂತೆ. ಶಾಸನ ಈ ಕತೆಯನ್ನು ಒಪ್ಪುವುದಿಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗವೊಂದರ ಪ್ರಸ್ತಾಪವಿದೆ. ಹೊಯ್ಸಳರು ಈ ಸೀಮೆಗೆ ಕಾಲಿಡುವ ಮೊದಲೇ ಊರಿಗೆ ಈ ಹೆಸರಿತ್ತು. ಆದರೂ ಜನ ಮುದುಕಿಯ ಕತೆಯನ್ನು ಬಿಟ್ಟುಕೊಟ್ಟಿಲ್ಲ. ಹಸಿದು ಬಂದವನಿಗೆ ಇದ್ದುದರಲ್ಲಿ ಒಂದು ಹಿಡಿ ಕೊಟ್ಟ ಊರು ಎಂದು ಕರೆಸಿಕೊಳ್ಳುವುದು ಕಾಳಗದ ಊರು ಎನ್ನಿಸಿಕೊಳ್ಳುವುದಕ್ಕಿಂತ ಅವರಿಗೆ ಇಷ್ಟ.

ಆ ಕಾಳಿನ ಋಣವನ್ನು ಬೆಂಗಳೂರು ಚಳಿಗಾಲದಲ್ಲಿ ತೀರಿಸುತ್ತದೆ. ಡಿಸೆಂಬರ್ ಕೊನೆಗೆ ಮಾಗಡಿ ಕಡೆಯ ಸೊಗಡವರೆ ಮೂಟೆಮೂಟೆಯಾಗಿ ಬಂದು ಬೀಳುತ್ತದೆ. ಕಾಯಿ ಸುಲಿದು, ಕಾಳನ್ನು ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಮನೆಮಂದಿಯೆಲ್ಲ ಪಾತ್ರೆಯ ಸುತ್ತ ಕೂರಬೇಕು. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನಿಟ್ಟು ಒಂದು ಸಲ ಹಿಸುಕಿದರೆ ಸಿಪ್ಪೆ ಬೆರಳಿನಲ್ಲೇ ಉಳಿದು ಬೇಳೆ ಪಾತ್ರೆಗೆ ಜಿಗಿಯುತ್ತದೆ. ಅದೇ ಹಿತಕಿದ ಬೇಳೆ. ಒಂದು ಸೇರು ಹಿತಕುವಷ್ಟರಲ್ಲಿ ನೆರೆಮನೆಯ ಸುದ್ದಿಯೆಲ್ಲ ಮುಗಿದಿರುತ್ತದೆ, ಬೆರಳಿನ ಸೊಗಡು ಮಾತ್ರ ಎರಡು ದಿನ ಹೋಗುವುದಿಲ್ಲ. ಹಿತಕಲು ಪುರುಸೊತ್ತಿಲ್ಲದವರಿಗಾಗಿ ವಿಶ್ವೇಶ್ವರಪುರದ ಸಜ್ಜನ್ ರಾವ್ ವೃತ್ತದ ಬಳಿ 2000ದ ಆಸುಪಾಸಿನಲ್ಲಿ ಅವರೆಬೇಳೆ ಮೇಳ ಶುರುವಾಯಿತು. ಶುರುಮಾಡಿದವರು ಅಲ್ಲಿನ ವಾಸವಿ ಕಾಂಡಿಮೆಂಟ್ಸ್‌ನವರು. ಅವರೆಬೇಳೆ ದೋಸೆ, ಅವರೆಬೇಳೆ ಹೋಳಿಗೆ, ಕೊನೆಗೆ ಜಿಲೇಬಿಗೂ ಅವರೆಬೇಳೆ ಹೋಯಿತು. ಜನ ಹೆಚ್ಚಿ ರಸ್ತೆ ಸಾಲದಾದಾಗ ಮೇಳ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಹೊರಳಿತು.

ಮೇಳ ಇರಲಿ ಬಿಡಲಿ, ಸಂಜೆಯಾದರೆ ಸಜ್ಜನ್ ರಾವ್ ವೃತ್ತದ ತಿಂಡಿಬೀದಿ ತುಂಬುತ್ತದೆ. ಈ ಬೀದಿಗೆ ಹಿರಿಯಣ್ಣನಂತಿರುವುದು 1953ರಿಂದ ಇರುವ ವಿ.ಬಿ. ಬೇಕರಿ. ಅಲ್ಲಿ ಖಾರದ ಪುಡಿ, ಕರಿಬೇವು ಬೆರೆಸಿದ, ಇಬ್ಭಾಗವಾದ ಹುರಿದ ಕಡಲೆಬೀಜದ ಪೊಟ್ಟಣ ಸಿಗುತ್ತದೆ. ಹೆಸರು ಕಾಂಗ್ರೆಸ್ ಕಡಲೆಬೀಜ. 1969ರ ಜುಲೈನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆದದ್ದು ಇಲ್ಲಿಗೆ ಹತ್ತಿರದ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಅಲ್ಲಿ ಕಾಣಿಸಿದ ಬಿರುಕು ಅದೇ ವರ್ಷ ಪಕ್ಷವನ್ನು ಎರಡಾಗಿ ಸೀಳಿತು. ಎರಡು ಹೋಳಾದ ಬೀಜಕ್ಕೂ ಅದೇ ಹೆಸರು ಬಿತ್ತು ಎಂಬುದು ಬೇಕರಿಗಳಲ್ಲಿ ಬಳಕೆಯಲ್ಲಿರುವ ಮಾತು.

ಪೇಟೆಯ ಒಲೆಗಳು

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಬೀದಿಗಳಿಗೆ ಸರಕಿನದೇ ಹೆಸರು: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ. 1638ರಲ್ಲಿ ಬಿಜಾಪುರದ ಸೈನ್ಯ ಊರನ್ನು ಹಿಡಿಯಿತು, ಬೆಂಗಳೂರು ಮರಾಠಾ ಸರದಾರ ಶಹಾಜಿಯ ಜಹಗೀರಾಯಿತು. ಅವನ ಹಿಂದೆ ಮರಾಠರ ಮನೆತನಗಳು ಬಂದು ನೆಲೆಸಿದವು. ಮುಂದೆ ಮಾಂಸದೂಟದ ಹೋಟೆಲುಗಳನ್ನು ನಡೆಸಿದವರಲ್ಲಿ ಬೆಂಗಳೂರಿನ ಮರಾಠರೇ ಮುಂದು. ಬ್ರಾಹ್ಮಣರ ಕಾಫಿ ಕ್ಲಬ್ಬುಗಳ ಕಾಲದಲ್ಲಿ ಮಾಂಸ ಸಿಗುವ ಕಡೆಗೆ ಬೇರೆ ಗುರುತು ಬೇಕಿತ್ತು. ಬೋರ್ಡಿನ ಮೇಲೆ 'ಮಿಲಿಟರಿ ಹೋಟೆಲ್' ಎಂದು ಬರೆದರೆ ಒಳಗೆ ಏನು ಬೇಯುತ್ತಿದೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಮಿಲಿಟರಿ ಹೋಟೆಲು 1908ರದ್ದೆಂದು ಹೆಸರಾದದ್ದು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ಮುಂದೆ ಭಾನುವಾರ ಜನ ಕಾದು ನಿಲ್ಲುತ್ತಾರೆ.

ಇಲ್ಲಿನ ಬಿರಿಯಾನಿ ಹೈದರಾಬಾದಿನದಲ್ಲ, ಲಖನೌದ್ದೂ ಅಲ್ಲ. ಸಣ್ಣ ಜೀರಿಗೆ ಸಾಂಬಾ ಅಕ್ಕಿಗೆ ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದು ಹಾಕಿ ಬೇಯಿಸಿದ, ಹಸಿರು ಛಾಯೆಯ ಅನ್ನ ಅದು. ಒಣಗಿದ ಎಲೆಯ ದೊನ್ನೆಯಲ್ಲಿ ಬಿಸಿಬಿಸಿಯಾಗಿ ಒತ್ತಿ ಕೊಡುತ್ತಾರೆ. ಬಿಸಿಗೆ ದೊನ್ನೆಯ ಎಲೆ ಬೆವರುತ್ತದೆ, ಆ ಎಲೆಯ ಘಮ ಅನ್ನಕ್ಕೂ ಇಳಿಯುತ್ತದೆ. ಪಿಂಗಾಣಿ ತಟ್ಟೆಗೆ ಹಾಕಿ ತಿಂದು ನೋಡಿ, ಅದೇ ಬಿರಿಯಾನಿ ಸಪ್ಪೆ ಎನ್ನಿಸುತ್ತದೆ. ಮಿಲಿಟರಿ ಹೋಟೆಲಿಗೆ ಹೋಗುವವರು ಹೊತ್ತು ನೋಡಿಕೊಂಡು ಹೋಗಬೇಕು. ಆ ದಿನದ ಹಂಡೆ ಖಾಲಿಯಾದರೆ ಆ ದಿನದ ವ್ಯಾಪಾರ ಮುಗಿಯಿತು.

ಪೇಟೆಯ ಇನ್ನೊಂದು ಕೊಡುಗೆ ಅಯ್ಯಂಗಾರ್ ಬೇಕರಿ. ಮೊಟ್ಟೆಯನ್ನು ಮುಟ್ಟದ ಹಾಸನ ಸೀಮೆಯ ಅಯ್ಯಂಗಾರರು ಬ್ರೆಡ್ಡು ಸುಡಲು ಕಲಿತದ್ದೇ ಸೋಜಿಗ. ಆ ಕೆಲಸ ಚಿಕ್ಕಪೇಟೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೊದಲಾಯಿತು ಎನ್ನುತ್ತಾರೆ. ಇಂದು ಖಾರಾ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಜೇನು ಸುರಿದ ಹನಿ ಕೇಕು ಇಲ್ಲದ ಬಡಾವಣೆ ಊರಿನಲ್ಲಿಲ್ಲ.

ದಂಡಿನ ಕಡೆ

1809ರಲ್ಲಿ ಬ್ರಿಟಿಷರು ಹಲಸೂರಿನ ಬದಿಗೆ ದಂಡು ಇಳಿಸಿದ ಮೇಲೆ ಬೆಂಗಳೂರು ಎರಡು ಊರಾಯಿತು. ನಡುವೆ ಕಬ್ಬನ್ ಪಾರ್ಕು, ಎರಡು ಕಡೆಗೂ ಬೇರೆ ಬೇರೆ ಪುರಸಭೆ. 1949ರಲ್ಲಿ ಕಾಗದದ ಮೇಲೆ ಎರಡೂ ಒಂದಾದವು. ನಾಲಿಗೆಗೆ ಮಾತ್ರ ಗಡಿ ಈಗಲೂ ತಿಳಿಯುತ್ತದೆ. ಈ ಕಡೆ ಬೆಳಗಿನ ಇಡ್ಲಿ, ಆ ಕಡೆ ಸಂಜೆಯ ಪಫ್ಸು.

ಫ್ರೇಜರ್ ಟೌನಿನ, ಅಂದರೆ ಇಂದಿನ ಪುಲಕೇಶಿನಗರದ, ಮಸೀದಿ ರಸ್ತೆಯಲ್ಲಿ 1902ರ ಆಲ್ಬರ್ಟ್ ಬೇಕರಿ ಇದೆ. ಬೆಳಿಗ್ಗೆ ಹೋದರೆ ಬಾಗಿಲು ಹಾಕಿರುತ್ತದೆ; ತೆರೆಯುವುದು ಮಧ್ಯಾಹ್ನ ಇಳಿದ ಮೇಲೆ. ಕುರಿಯ ಮಿದುಳು ತುಂಬಿದ ಭೇಜಾ ಪಫ್ಸಿಗಾಗಿ ಊರಿನ ಇನ್ನೊಂದು ತುದಿಯಿಂದ ಬರುವವರಿದ್ದಾರೆ. ರಂಜಾನ್ ತಿಂಗಳಲ್ಲಿ ಇದೇ ರಸ್ತೆ ಹೊತ್ತು ಮುಳುಗಿದ ಮೇಲೆ ಏಳುತ್ತದೆ. ಹಲೀಮಿನ ಹಂಡೆ, ಸಮೋಸದ ಬಾಣಲೆ, ಕಾದ ಕಲ್ಲಿನ ಮೇಲೆ ಚುರ್ ಎನ್ನುವ ಮಾಂಸ. ಹಗಲೆಲ್ಲ ಉಪವಾಸ ಇದ್ದವರ ಪಕ್ಕದಲ್ಲಿ ಯಾವ ಉಪವಾಸವೂ ಇಲ್ಲದವರು ನಿಂತು ತಿನ್ನುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ.

ದಂಡಿನ ಕಡೆಯ ಇನ್ನೊಂದು ಜಾಗವನ್ನು ನಾನು ನೆಂಟರಿಗೆ ತಪ್ಪದೆ ತೋರಿಸುತ್ತೇನೆ: ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. ಕಾಫಿ ಬೋರ್ಡು ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚತೊಡಗಿದಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ರುಮಾಲು ಕಟ್ಟಿ ಕಾಫಿ ತಂದಿಡುವವರು ಇಲ್ಲಿ ಬರೀ ನೌಕರರಲ್ಲ, ಸಂಘಕ್ಕೆ ಸೇರಿದವರು. ಎಂ.ಜಿ. ರಸ್ತೆಯ ಹಳೆಯ ಜಾಗ ಬಿಟ್ಟು 2009ರಲ್ಲಿ ಅವರು ಇಲ್ಲಿಗೆ ಬರಬೇಕಾಯಿತು. ಜಾಗ ಬದಲಾದರೂ ರುಮಾಲು ಬದಲಾಗಲಿಲ್ಲ.

ಪ್ಲೇಗು ಕಟ್ಟಿಸಿದ ಬಡಾವಣೆಗಳು

1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಮನೆಗಳನ್ನು ಖಾಲಿ ಮಾಡಿಸಿತು. ಗಾಳಿ ಬೆಳಕಿಗೆ ಜಾಗ ಬಿಟ್ಟು ರೂಪಿಸಿದ ಬಸವನಗುಡಿ, ಮಲ್ಲೇಶ್ವರಗಳು ಆಮೇಲೆ ಬೆಳೆದವು. ಶಾಲೆ, ಕಾಲೇಜು, ದೇವಸ್ಥಾನ ಬಂದವು. ಹಿಂದೆಯೇ ಉಡುಪಿ, ಕೋಟ, ಸಾಲಿಗ್ರಾಮದ ಕಡೆಯಿಂದ ಅಡುಗೆ ಬಲ್ಲವರು ಬಂದರು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಹೆಸರು ಯಾರಿಗಾಗಿ ಎಂದು ಕೇಳಬೇಕಿಲ್ಲ, ಸುತ್ತ ಇದ್ದದ್ದೆಲ್ಲ ಓದುವ ಹುಡುಗರೇ. ಒಳಗೆ ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳು, ಕೆಳಗೆ ಗುರುತಿಲ್ಲದ ನಾಲ್ವರು ಒಂದೇ ಮೇಜಿಗೆ. ಕಾವಲಿಯ ಮೇಲೆ ನೀರು ಚಿಮುಕಿಸಿ ಪೊರಕೆಯಾಡಿಸಿದ ಸದ್ದು, ಆಮೇಲೆ ಹಿಟ್ಟು, ಆಮೇಲೆ ತುಪ್ಪ. ಅಷ್ಟರಲ್ಲಿ ಪಂಚೆಯುಟ್ಟ ಸಪ್ಲೈಯರ್ ಒಬ್ಬರು ಅಡುಗೆಮನೆಯ ಬಾಗಿಲಲ್ಲಿ ಕಾಣಿಸುತ್ತಾರೆ. ಅಂಗೈಯಿಂದ ಭುಜದವರೆಗೆ ತಟ್ಟೆಯ ಮೇಲೆ ತಟ್ಟೆ, ಪ್ರತಿ ತಟ್ಟೆಯಲ್ಲೂ ದೋಸೆ. ಅಷ್ಟೂ ತಟ್ಟೆ ಒಂದೇ ಕೈಯ ಮೇಲೆ, ಇನ್ನೊಂದು ಕೈ ಬಡಿಸುವುದಕ್ಕೆ. ಯಾರದು ಮಸಾಲೆ, ಯಾರದು ಸಾದಾ ಎಂದು ಅವರು ಬರೆದುಕೊಂಡಿರುವುದಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ದಪ್ಪ ದೋಸೆ. ಮೇಲೆ ತೆಳು ಚಟ್ನಿ. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ರಜೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಹಿಡಿದ ಪಟ್ಟು ಬಿಟ್ಟಿಲ್ಲ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಚಹಾ. ಅಲ್ಲಿಗೆ ಪಟ್ಟಿ ಮುಗಿಯಿತು. ಸಾಂಬಾರು ಇಲ್ಲ, ಚಟ್ನಿ ಮಾತ್ರ ಕೇಳಿದಷ್ಟು. ಮಲ್ಲೇಶ್ವರದಲ್ಲಿ ಸಿ.ಟಿ.ಆರ್. ಎಂದೇ ಕರೆಯುವ ಸೆಂಟ್ರಲ್ ಟಿಫಿನ್ ರೂಮಿನ ಬೆಣ್ಣೆ ಮಸಾಲೆ, ವೀಣಾ ಸ್ಟೋರ್ಸಿನ ಇಡ್ಲಿ. ಅಲ್ಲೇ ಈಟ್ ರಾಜಾ ಎಂಬ ಪುಟ್ಟ ಜ್ಯೂಸ್ ಅಂಗಡಿಯಲ್ಲಿ ಲೋಟವೇ ಇಲ್ಲ. ಕಲ್ಲಂಗಡಿಯ ರಸ ಕಲ್ಲಂಗಡಿಯ ಸಿಪ್ಪೆಯಲ್ಲೇ ಬರುತ್ತದೆ. ಕುಡಿದು ಎಸೆಯುವುದಕ್ಕೆ ಪ್ಲಾಸ್ಟಿಕ್ ಎಂಬುದಿಲ್ಲ. ದೊನ್ನೆಯ ಊರಿಗೆ ಇದು ಹೊಸ ಬುದ್ಧಿಯೇನಲ್ಲ, ಹಳೆಯ ಬುದ್ಧಿಯ ಮರುಹುಟ್ಟು.

ಅಕ್ಕಿ ಇಲ್ಲದ ಕಾಲದ ಇಡ್ಲಿ

ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಅಡುಗೆ ಕೆಲಸಕ್ಕೆಂದು ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ಬ್ರಾಹ್ಮಿನ್ಸ್ ಕಾಫಿ ಕ್ಲಬ್ ತೆರೆದರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದು ಶುಚಿತ್ವವನ್ನು ವ್ರತದಂತೆ ಹಿಡಿದರು. 1960ರಲ್ಲಿ ಹೋಟೆಲು ಈಗಿನ ಜಾಗಕ್ಕೆ ಬಂದು ಎಂ.ಟಿ.ಆರ್. ಆಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನು ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ರವೆ ಹುರಿದು, ಮೊಸರಿನಲ್ಲಿ ಕಲಸಿ ಬೇಯಿಸಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂದು ಎಂ.ಟಿ.ಆರ್.ನವರು ಹೇಳಿಕೊಂಡು ಬಂದಿದ್ದಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರವನ್ನು ಕಟ್ಟಿಹಾಕಿದಾಗ, ಗುಣ ಇಳಿಸಲೊಲ್ಲದೆ ಹೋಟೆಲನ್ನೇ ಕೆಲಕಾಲ ಮುಚ್ಚಿ ಹಿಟ್ಟು, ಪುಡಿ, ಮಿಕ್ಸುಗಳ ವ್ಯಾಪಾರಕ್ಕಿಳಿದರು. ಇವತ್ತು ದೂರದೇಶದ ಕನ್ನಡಿಗರ ಅಡುಗೆಮನೆಯಲ್ಲಿರುವ ಪೊಟ್ಟಣಗಳ ಹಿಂದೆ ಆ ಮುಚ್ಚಿದ ಬಾಗಿಲಿದೆ.

ಊರು ಬೆಳೆದು ಬಾಡಿಗೆ ಏರಿದಾಗ ಕೂರಲು ಜಾಗ ಸಾಲಲಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿ ಬಂತು. ದುಡ್ಡು ಕೊಟ್ಟು ಟೋಕನ್ ತೆಗೆದುಕೊ, ಕೌಂಟರಿನಲ್ಲಿ ಕೊಡು, ನಿಂತು ತಿನ್ನು. ಕುರ್ಚಿ ಹೋಯಿತು, ಅದರ ಜೊತೆಗೆ ಯಾರು ಎಲ್ಲಿ ಕೂರಬೇಕೆಂಬ ಲೆಕ್ಕವೂ ಹೋಯಿತು. ಆಟೋದವರು, ಬ್ಯಾಂಕಿನವರು, ಪೌರಕಾರ್ಮಿಕರು ಒಂದೇ ಎತ್ತರದ ಮೇಜಿನ ಸುತ್ತ ನಿಂತರು. ಜೇಬಿಗೆ ಭಾರವಾದರೆ ಇದ್ದೇ ಇದೆ ಬೈಟು ಕಾಫಿ: ಒಂದು ಕಾಫಿಯನ್ನು ಎರಡು ಲೋಟಕ್ಕೆ ಸಮನಾಗಿ ಹಂಚುವುದು.

ಹುಡುಕುವ ಬಗೆ

ನೆಂಟರಿಗೆ ನಾನು ಹೇಳುವುದು ಇಷ್ಟೇ. ಯಾವುದೇ ಬೀದಿಗೆ ಹೋದರೂ ಮೂರು ಮಾತು ಕೇಳಿ: ಈ ಬೀದಿಗೆ ಮೊದಲು ಬಂದವರು ಯಾರು? ಇಲ್ಲಿ ಕೆಲಸ ಮಾಡುವವರಿಗೆ ಎಷ್ಟು ಹೊತ್ತಿಗೆ ಹಸಿವಾಗುತ್ತದೆ? ಯಾವ ತಿಂಡಿ ಬೇಗ ಖಾಲಿಯಾಗುತ್ತದೆ? ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮೊದಲೇ ಹೂವಿನ ಮೂಟೆ ಹೊತ್ತವರು ಎಲ್ಲಿ ಇಡ್ಲಿ ತಿನ್ನುತ್ತಾರೋ ಅಲ್ಲಿ ತಿನ್ನಿ. ಮತ್ತೆ, ನಾಳೆ ನೋಡೋಣ ಎನ್ನಬೇಡಿ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ ದಶಕಗಳ ಕಾಲ ನಡೆದು 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅಲ್ಲಿಯ ಹಸಿರು ಇಡ್ಲಿ ಈಗ ತಿಂದವರ ಬಾಯಲ್ಲಿ ಮಾತಾಗಿ ಉಳಿದಿದೆ.

ಕೊನೆಗೆ ಅವರನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದೊಯ್ಯುತ್ತೇನೆ, ಕಾರ್ತಿಕದ ಕೊನೆಯ ಸೋಮವಾರ. ರಸ್ತೆಯ ಎರಡು ಬದಿಗೂ ಕಡಲೆಕಾಯಿಯ ಗುಡ್ಡೆ, ಮರಳಿನಲ್ಲಿ ಹುರಿಯುವ ಹೊಗೆ. ಹಿಂದೆ ಇಲ್ಲಿ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮುಂತಾದ ಹಳ್ಳಿಗಳಿದ್ದವಂತೆ. ರಾತ್ರಿ ಬಂದು ಕಡಲೆಕಾಯಿ ಬೆಳೆ ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಫಸಲು ಒಪ್ಪಿಸುವ ಹರಕೆ ಹೊತ್ತರಂತೆ. ಕಳೆದ ವರ್ಷ ನಮ್ಮ ಮನೆಗೆ ಬಂದಿದ್ದ ಶಿವಮೊಗ್ಗದ ಅತ್ತೆ ಈ ಕತೆ ಕೇಳುತ್ತ ಕಾಯಿ ಒಡೆಯುತ್ತಿದ್ದವರು ತಟ್ಟನೆ ನಿಂತರು. "ಮಾವಳ್ಳಿ ಅಂದ್ಯಲ್ಲ, ಬೆಳಿಗ್ಗೆ ರವೆ ಇಡ್ಲಿ ತಿಂದ್ವಲ್ಲ, ಆ ಹೋಟ್ಲಿನ ಹೆಸರಲ್ಲಿರೋ ಎಂ ಇದೇನಾ?" "ಹೌದತ್ತೆ, ಮಾವಳ್ಳಿ ಟಿಫಿನ್ ರೂಮ್." ಹೊಲ ಹೋಯಿತು, ಹಳ್ಳಿ ಹೋಯಿತು, ಬಸವನಿಗೆ ಫಸಲು ಒಪ್ಪಿಸಿದ ಊರಿನ ಹೆಸರು ಮಾತ್ರ ಒಂದು ತಿಂಡಿಯಂಗಡಿಯ ಬೋರ್ಡಿನ ಮೇಲೆ ಉಳಿದಿದೆ. ಅತ್ತೆ ಸೆರಗಿನಲ್ಲಿದ್ದ ಕಾಯಿಗಳಲ್ಲಿ ಒಂದು ಹಿಡಿ ತೆಗೆದು, ಬಸವನಿಗೆ ಅರ್ಪಿಸಲೆಂದು ಮತ್ತೆ ಗುಡಿಯ ಸಾಲಿನಲ್ಲಿ ನಿಂತರು.